ಚಾರ್ಜರ್ ಅಕ್ಕ ಮತ್ತು ಅಳಿಸಿಹೋದ ಸನ್ನೆಗಳು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕಾಲೇಜಿನ ಹಿಂಬದಿಯ ಮೆಟ್ಟಿಲ ಪಕ್ಕದ ಲ್ಯಾಬ್ ಕೋಣೆಯ ಬೀಗ ತೆಗೆದು ಒಳಬರುವ ಆಕೆ ಚಪ್ಪಲಿಯನ್ನು ಬಾಗಿಲ ಹೊರಗೇ ಬಿಡುತ್ತಾರೆ. ಕಪಾಟಿನಿಂದ ಹಳೆಯ ಫೋನುಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲೆ ಸಾಲಾಗಿ ಮಲಗಿಸಿ ಚಾರ್ಜಿಗೆ ಹಾಕುತ್ತಾರೆ. ಸ್ವಲ್ಪ ಹೊತ್ತು ಕಳೆದ ಮೇಲೆ ಅಂಗೈ ಮಗುಚಿ ಪ್ರತಿ ಫೋನಿನ ಬೆನ್ನು ಮುಟ್ಟಿ ನೋಡುತ್ತಾರೆ, ಮಕ್ಕಳ ಜ್ವರ ನೋಡುವ ಹಾಗೆ. ಬಿಸಿ ಹೆಚ್ಚಾದದ್ದನ್ನು ಕಿತ್ತು ಕಿಟಕಿಯ ಬಳಿ ಇಡುತ್ತಾರೆ. ಬ್ಯಾಟರಿ ಉಬ್ಬಿದ್ದು ಕಂಡರೆ ಅದು ಮೂಲೆಯ ಮರಳಿನ ಡಬ್ಬಿಗೆ ಹೋಗುತ್ತದೆ.

ರಾತ್ರಿಯಿಡೀ ಚಾರ್ಜಿಗೆ ಹಾಕಿ ಮನೆಗೆ ಹೋಗುವಂತಿಲ್ಲ. ಇವೆಲ್ಲ ಯಾರೋ ಬಳಸಿ ಬಿಟ್ಟ, ಕಾಲೇಜಿಗೆ ದಾನವಾಗಿ ಬಂದ ಫೋನುಗಳು, ಬಿಸಿಯಾಗಿ ಯಾವಾಗ ಹೊತ್ತಿಕೊಳ್ಳುತ್ತವೋ ಹೇಳಲಾಗದು. ಹಾಗಾಗಿ ಆಕೆ ಎಲ್ಲರಿಗಿಂತ ಮುಂಚೆ ಬಂದು, ಅವು ತುಂಬುವವರೆಗೂ ಕಾವಲು ಕೂರುತ್ತಾರೆ. ವಿದ್ಯಾರ್ಥಿಗಳು ಫೋನುಗಳಿಗೆ ಅಡ್ಡಹೆಸರು ಇಟ್ಟಿದ್ದಾರೆ: ಬೇಗ ಬಿಸಿಯಾಗುವುದು ಕೋಪಿಷ್ಠ, ಅರ್ಧ ಪರದೆ ಕಪ್ಪಾದದ್ದು ಅರೆಗಣ್ಣ, ಗುಂಡಿ ಒತ್ತಿ ಒಂದು ಲೋಟ ಟೀ ಕುಡಿದು ಬಂದರೂ ಏಳದ್ದು ಸೋಮಾರಿ. ಈಕೆಗಿಟ್ಟ ಹೆಸರು ಚಾರ್ಜರ್ ಅಕ್ಕ.

ನಾನು ಇಲ್ಲಿಗೆ ಬಂದದ್ದು ಬೇರೆಯೇ ಕಾರಣಕ್ಕೆ. ಈ ಕಾಲೇಜಿನಲ್ಲಿ ಮೊಬೈಲ್ ಕಂಪ್ಯೂಟಿಂಗ್ ಎಂಬ ವಿಷಯ ಇದೆ, ಫೋನು ಬಳಸುವುದನ್ನಲ್ಲ, ಅದರ ಒಳಗಿನದನ್ನು ಬಿಚ್ಚಿ ಮತ್ತೆ ಬರೆಯುವುದನ್ನು ಕಲಿಸುತ್ತಾರೆ ಎಂದು ಕೇಳಿ, ಅದರ ಬಗ್ಗೆ ಬರೆಯಲೆಂದು ಮೇಷ್ಟ್ರನ್ನು ಮಾತಾಡಿಸಲು ಬಂದಿದ್ದೆ. ಮೇಷ್ಟ್ರು ಮುಕ್ತ ವ್ಯವಸ್ಥೆ ಎಂದರೇನು ಎಂದು ವಿವರಿಸಿದರು. ಕೆಲವು ಫೋನುಗಳನ್ನು ನಡೆಸುವ ತಂತ್ರಾಂಶ ಎಲ್ಲರ ಕಣ್ಣಿಗೂ ಬೀಳುವಂತೆ ತೆರೆದಿರುತ್ತದಂತೆ. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ಮತ್ತೊಬ್ಬರಿಗೆ ಕೊಡಬಹುದು. ನಾನು ತಲೆಯಾಡಿಸಿದೆ. ಅರ್ಧ ಅರ್ಥವಾಯಿತು. ಉಳಿದರ್ಧ ಅರ್ಥವಾದಂತೆ ನಟಿಸುತ್ತಿರುವುದು ಮೇಷ್ಟ್ರಿಗೂ ತಿಳಿಯಿತೆಂದು ಕಾಣುತ್ತದೆ. ಅವರು ನಕ್ಕು, ಮೊದಲ ಪಾಠ ತಾವು ಮಾಡುವುದಿಲ್ಲ, ಅಕ್ಕ ಮಾಡುತ್ತಾರೆ, ಅವರನ್ನೇ ಕೇಳಿ ಎಂದರು.

ಅಕ್ಕನನ್ನು ಕೇಳಿದರೆ, "ನನಗೇನು ಗೊತ್ತು ಸರ್? ನಾನು ಚಾರ್ಜ್ ಹಾಕೋಳು," ಎಂದುಬಿಟ್ಟರು.

ಆಕೆ ಇಲ್ಲಿಗೆ ಸೇರಿದ್ದು ಕಸ ಗುಡಿಸಲು. ಕೋಣೆಗೆ ಫೋನುಗಳು ಬಂದ ಮೇಲೆ ಅವುಗಳ ಜವಾಬ್ದಾರಿಯೂ ತಾನಾಗಿ ಹೆಗಲಿಗೇರಿತು. ಗಂಡ ಲಾರಿ ರಿಪೇರಿ ಮಾಡುತ್ತಾರೆ. ಮನೆಯಲ್ಲಿ ಅತ್ತೆ ಇದ್ದಾರೆ. ಒಬ್ಬಳೇ ಮಗಳಿಗೆ ಹುಟ್ಟಿನಿಂದಲೇ ಕಿವಿ ಕೇಳಿಸುವುದಿಲ್ಲ. ಅವಳು ದೂರದ ಊರಿನ ವಸತಿಶಾಲೆಯಲ್ಲಿ ಓದುತ್ತಾಳೆ.

ಮಗಳು ಚಿಕ್ಕವಳಿದ್ದಾಗ ಈ ಮನೆಯವರಿಗೆ ಕೈಭಾಷೆ ಕಲಿಸುವವರು ಯಾರೂ ಇರಲಿಲ್ಲ. ಅವರೇ ಒಂದನ್ನು ಕಟ್ಟಿಕೊಂಡರು. ಅಂಗೈಗೆ ಅಂಗೈ ಉಜ್ಜಿದರೆ ಅಪ್ಪ, ಕೈಗೆ ಹತ್ತಿದ ಗ್ರೀಸನ್ನು ಒರೆಸುವವನು. ಇಲ್ಲದ ಕನ್ನಡಕವನ್ನು ಮೂಗಿನ ತುದಿಗೆ ಎಳೆದರೆ ಅಜ್ಜಿ. ಎರಡು ಬೆರಳನ್ನು ಇನ್ನೊಂದು ಅಂಗೈಗೆ ಚುಚ್ಚಿದರೆ ಅಮ್ಮ, ಪ್ಲಗ್ ಚುಚ್ಚುವವಳು. ಶಾಲೆಗೆ ಸೇರಿದ ಮೇಲೆ ಹುಡುಗಿ ಅಲ್ಲಿನ ಸರಿಯಾದ ಕೈಭಾಷೆ ಕಲಿಯತೊಡಗಿದಳು. ಅಮ್ಮನೂ ಕಲಿಯಲಿ ಎಂದು, ವಾರ್ಡನ್ ಅವರ ಫೋನಿನಲ್ಲಿ ಸಣ್ಣ ಸಣ್ಣ ವಿಡಿಯೋ ಮಾಡಿ ಕಳಿಸುತ್ತಿದ್ದಳು. ಕೆಲವುಗಳಲ್ಲಿ ಶಾಲೆಯ ಸನ್ನೆ, ಕೆಲವುಗಳಲ್ಲಿ ಮನೆಯದು, ಬಹಳಷ್ಟರಲ್ಲಿ ಎರಡೂ ಕಲಸಿಕೊಂಡದ್ದು. ಅಕ್ಕ ಫೋನುಗಳ ಕಾವಲು ಕೂತ ಹೊತ್ತಿನಲ್ಲಿ ಅವನ್ನೇ ಹಾಕಿ, ನೋಡಿ, ಎದುರಿನ ಖಾಲಿ ಬೆಂಚುಗಳಿಗೆ ಕೈಯಾಡಿಸಿ ಕಲಿಯುತ್ತಿದ್ದರು.

"ಒಂದ್ಸಲ ನೋಡಿದ್ರೆ ನನಗೆ ತಲೆಗೆ ಹತ್ತಲ್ಲ. ಬೆಳಿಗ್ಗೆ ಬಂದು ನೋಡ್ತಿದ್ದೆ, ಸಂಜೆ ಮರೀತಿದ್ದೆ, ಮತ್ತೆ ನೋಡ್ತಿದ್ದೆ. ಅವಳ ಜೊತೆ ಮಾತಾಡೋಕೆ ನನಗಿದ್ದ ಪಾಠದ ಪುಸ್ತಕ ಅದೇ," ಎನ್ನುತ್ತಾರೆ.

ಆಕೆಯ ಫೋನೂ ಹಳೆಯದೇ, ಲ್ಯಾಬಿನ ಫೋನುಗಳ ಒಡಹುಟ್ಟು ಎನ್ನುವಂಥದ್ದು. ಲ್ಯಾಬಿನವುಗಳ ಬೆನ್ನಿಗೆ ಗುರುತಿಗೆಂದು ಒಂದು ಚೀಟಿ ಅಂಟಿಸಿರುತ್ತಿದ್ದರು. ಬಿಸಿಗೆ ಅಂಟು ಕರಗಿ ಚೀಟಿ ಆಗಾಗ ಉದುರುತ್ತಿತ್ತು. ಒಂದು ಬೆಳಿಗ್ಗೆ ಅಕ್ಕ ತನ್ನ ಫೋನನ್ನೂ ಅದೇ ಸಾಲಿನಲ್ಲಿ ಚಾರ್ಜಿಗೆ ಹಾಕಿ, ಪ್ರಾಂಶುಪಾಲರು ಕರೆದರೆಂದು ಮೇಲೆ ಹೋದರು. ಅಂದಿನ ಪಾಠ ಫೋನಿನೊಳಗಿನ ವ್ಯವಸ್ಥೆಯನ್ನು ತೆಗೆದು ಹೊಸದನ್ನು ಹಾಕುವುದು. ಹಾಗೆ ಮಾಡಲು ಮೊದಲು ಫೋನಿನ ಒಳಬೀಗ ತೆರೆಯಬೇಕು. ಬೀಗ ತೆರೆದ ಗಳಿಗೆಯಲ್ಲೇ ಫೋನು ತನ್ನಲ್ಲಿರುವುದನ್ನೆಲ್ಲ ಅಳಿಸಿಹಾಕುತ್ತದೆ. ಕಳ್ಳನ ಕೈಗೆ ಏನೂ ಸಿಗದಿರಲಿ ಎಂದು ಅದನ್ನು ಮಾಡಿದವರು ಇಟ್ಟ ಏರ್ಪಾಡು ಅದು.

ತರಗತಿಯಲ್ಲಿ ಎಲ್ಲರಿಗಿಂತ ಮೊದಲು ಮುಗಿಸುವ ಒಬ್ಬ ಹುಡುಗಿ ಇದ್ದಳು. ಗೆಳತಿಯರು ಅವಳನ್ನು ಗಡಿಬಿಡಿ ಎಂದೇ ಕರೆಯುತ್ತಿದ್ದರು. ಚೀಟಿಯಿಲ್ಲದ ಫೋನು ಅವಳ ಕೈಗೆ ಬಂತು. ಎಂದಿನಂತೆ ಉದುರಿರಬೇಕು ಎಂದುಕೊಂಡಳು. ಎಲ್ಲವೂ ಅಳಿಯುತ್ತದೆ, ಮುಂದುವರಿಯಲೇ ಎಂದು ಪರದೆ ಕೇಳಿತು. ಅವಳು ಹೌದು ಎಂದು ಒತ್ತಿದಳು.

"ಎಚ್ಚರಿಕೆ ಬರುತ್ತೆ, ಹೆದರಬೇಡಿ, ಹೌದು ಅಂತ ಒತ್ತಿ ಅಂತ ಹೇಳಿಕೊಟ್ಟಿದ್ದೇ ನಾನು," ಎನ್ನುತ್ತಾರೆ ಮೇಷ್ಟ್ರು. ಅವರು ಇದನ್ನು ಹೇಳುವಾಗ ನನ್ನ ಮುಖ ನೋಡಲಿಲ್ಲ.

ಅಕ್ಕ ಕೆಳಗಿಳಿದು ಬಂದಾಗ ಫೋನು ಹೊಸದರಂತೆ ಹೊಳೆಯುತ್ತಿತ್ತು. ವಿಡಿಯೋಗಳು ಇರಲಿಲ್ಲ. ವಾರ್ಡನ್ ತನ್ನ ಫೋನಿನಲ್ಲಿ ಜಾಗ ಸಾಲದೆ ಕಳಿಸಿದ ಕೂಡಲೇ ಅಳಿಸುತ್ತಿದ್ದುದರಿಂದ ಅಲ್ಲಿಯೂ ಇರಲಿಲ್ಲ. ಆಕೆ ಕೂಗಾಡಲಿಲ್ಲ, ಅಳಲೂ ಇಲ್ಲ. ಬದಲಿಗೆ ಎಲ್ಲರನ್ನೂ ಒಂದೇ ಪ್ರಶ್ನೆ ಕೇಳುತ್ತಾ ಹೋದರು.

"ಫೋನ್ ಇಲ್ಲೇ ಇದೆಯಲ್ಲ, ಅದು ಎಲ್ಲಿಗೆ ಹೋಯ್ತು?"

ಮೇಷ್ಟ್ರು ಉತ್ತರಿಸಲು ನೋಡಿದರು. ವಿಡಿಯೋ ಹೋಗಿಲ್ಲ, ಆದರೆ ಅದನ್ನು ಓದುವ ಕೀಲಿ ಹೋಗಿದೆ, ಹಾಗಾಗಿ ಇದ್ದೂ ಇಲ್ಲದಂತೆ ಎಂದರು. ಅಕ್ಕನಿಗೆ ತಲೆ ಇನ್ನಷ್ಟು ಗೊಜಲಾಯಿತು. ಇದೆಯೋ ಇಲ್ಲವೋ ಎಂದು ಕೇಳಿದರು. ಇದೆ ಎಂದೂ ಹೇಳಲಾರೆ, ಇಲ್ಲ ಎಂದೂ ಹೇಳಲಾರೆ ಎಂದರು ಮೇಷ್ಟ್ರು. ಆ ಉತ್ತರವನ್ನು ಆಕೆ ಇಂದಿಗೂ ಒಪ್ಪಿಲ್ಲ. "ಒಂದು ವಸ್ತು ಇರುತ್ತೆ, ಇಲ್ಲಾ ಇರಲ್ಲ. ಎರಡೂ ಹೇಗೆ ಸರ್?" ಎಂದು ನನ್ನನ್ನೂ ಕೇಳಿದರು.

ವಿಡಿಯೋ ಹೋದದ್ದರ ಪೆಟ್ಟು ತಿಳಿದದ್ದು ಮುಂದಿನ ಭಾನುವಾರದ ವಿಡಿಯೋ ಕರೆಯಲ್ಲಿ. ಮಗಳು ಆ ಕಡೆಯಿಂದ ಎರಡೂ ಕೈಗಳ ಬೆರಳ ತುದಿ ಜೋಡಿಸಿ, ಎದೆ ತಟ್ಟಿ, ಏನೋ ಆತುರವಾಗಿ ಹೇಳಿದಳು. ಅಕ್ಕನಿಗೆ ಮನೆ ಎಂಬುದೊಂದು ಹೊಳೆಯಿತು, ಮಿಕ್ಕದ್ದು ಮರೆತಿತ್ತು. ನೋಡಿ ಹೋಲಿಸೋಣವೆಂದರೆ ಹಳೆಯ ವಿಡಿಯೋ ಇಲ್ಲ. ಅಷ್ಟರಲ್ಲಿ ಕರೆ ಕಡಿದುಹೋಯಿತು, ವಾರ್ಡನ್ ಮತ್ತೆ ಎತ್ತಲಿಲ್ಲ. ಮಗು ಮನೆಗೆ ಬರುತ್ತೇನೆ ಎನ್ನುತ್ತಿದೆ, ಏನೋ ಆಗಿದೆ ಎಂದುಕೊಂಡರು. ಉಟ್ಟ ಬಟ್ಟೆಯಲ್ಲೇ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಕಿಟಕಿಯ ಕಡೆ ತಿರುಗಿ, ತನಗೆ ನೆನಪಿದ್ದ ಸನ್ನೆಗಳನ್ನು ಮಾಡಿ ಮಾಡಿ ನೋಡಿಕೊಂಡರಂತೆ. ಪಕ್ಕದಲ್ಲಿ ಕೂತ ಹೆಂಗಸು ಎದ್ದು ಬೇರೆ ಸೀಟಿಗೆ ಹೋದಳು.

ವಸತಿಶಾಲೆಯ ಅಂಗಳದಲ್ಲಿ ಮಗಳು ಹಗ್ಗದಾಟ ಆಡುತ್ತಿದ್ದಳು. ಅಮ್ಮನನ್ನು ಕಂಡು ಅವಳೇ ಗಾಬರಿಯಾದಳು. ಆಮೇಲೆ ವಾರ್ಡನ್ ನಡುವೆ ನಿಂತು ಬಿಡಿಸಿ ಹೇಳಿದಾಗ ತಿಳಿದದ್ದು, ಅವಳು ಹೇಳಿದ್ದು ಇಷ್ಟೇ: ನನಗೆ ಹೊಸ ಕೋಣೆ ಕೊಟ್ಟಿದ್ದಾರೆ, ಕಿಟಕಿ ಇದೆ, ಬಹಳ ಚೆನ್ನಾಗಿದೆ.

ಅಂದು ಅಕ್ಕ ಮಗಳಿಗೆ ವಿಡಿಯೋಗಳು ಹೋದದ್ದನ್ನು ಹೇಳಿದರು. ಹುಡುಗಿ ಅತ್ತುಬಿಡುತ್ತಾಳೆ ಎಂದು ಹೆದರಿದ್ದರು. ಅವಳು ನಕ್ಕಳು. ಹೋದದ್ದೇ ಒಳ್ಳೆಯದಾಯಿತು, ಅದರಲ್ಲಿದ್ದದ್ದು ಅರ್ಧಕ್ಕರ್ಧ ತಪ್ಪು, ಚಿಕ್ಕ ಮಕ್ಕಳ ಸನ್ನೆ, ಈಗ ಯಾರಾದರೂ ನೋಡಿದರೆ ನಾಚಿಕೆ ಎಂದಳು. ಅಮ್ಮ ಎನ್ನಲು ಈಗ ಅವಳು ಮಾಡುವ ಸನ್ನೆ ಬೇರೆ.

"ನಾನು ಯಾವುದಕ್ಕೆ ಸಂಕಟಪಡ್ತಾ ಇದ್ನೋ ಅದು ತಪ್ಪಂತೆ. ಹಾಗಾದ್ರೆ ಅಷ್ಟು ದಿನ ನಾವಿಬ್ರೂ ಮಾತಾಡಿದ್ದು ಏನು? ಬಸ್ಸಲ್ಲಿ ವಾಪಸ್ ಬರುವಾಗ ಅಳಬೇಕೋ ನಗಬೇಕೋ ಒಂದೂ ತಿಳೀಲಿಲ್ಲ."

ಇತ್ತ ಗಡಿಬಿಡಿ ಕಾಲೇಜಿಗೆ ಬರುವುದನ್ನೇ ಬಿಟ್ಟಿದ್ದಳು. ಅಕ್ಕ ಒಂದು ಸಂಜೆ ವಿಳಾಸ ಕೇಳಿಕೊಂಡು ಅವಳ ಮನೆಗೆ ಹೋದರು. ಇಸ್ತ್ರಿ ಅಂಗಡಿಯ ಮೇಲಿನ ಪುಟ್ಟ ಮನೆ. ಬಾಗಿಲು ತೆರೆದ ತಾಯಿಗೆ ಏನೂ ಗೊತ್ತಿರಲಿಲ್ಲ. ಕಾಲೇಜಿಗೆ ರಜೆ ಎಂದು ಮಗಳು ಹೇಳಿದ್ದಳು. ಒಳಗಿನ ಕೋಣೆಯ ಪರದೆಯ ಸಂದಿನಲ್ಲಿ ಹುಡುಗಿಯ ಮುಖ ಬಿಳುಚಿಕೊಂಡು ನಿಂತಿತ್ತು. ಎಲ್ಲವನ್ನೂ ಹೇಳಿಬಿಡಬಹುದಿತ್ತು. ಅಕ್ಕ ಹಾಗೆ ಮಾಡದೆ, ರಜೆ ಮುಗಿಯಿತು, ಲ್ಯಾಬಿನಲ್ಲಿ ಒಂದು ಫೋನು ಎದ್ದೇಳುತ್ತಿಲ್ಲ, ಇವಳ ಕೈಗೇ ಬಗ್ಗುವುದು ಅದು, ನಾಳೆ ಬೇಗ ಕಳಿಸಿ ಎಂದರು.

ಅವಳನ್ನು ಕ್ಷಮಿಸಿಬಿಟ್ಟಿರಾ ಎಂದು ನಾನು ಕೇಳಿದೆ. ಆಕೆ ಅರೆಗಣ್ಣನ ಗಾಜು ಒರೆಸಿದರು.

"ಗೊತ್ತಿಲ್ಲ ಸರ್. ಈಗ್ಲೂ ಒಂದೊಂದು ದಿನ ಆ ಹುಡುಗಿ ಮುಖ ನೋಡಿದ್ರೆ ಒಳಗೆ ಕುದಿಯುತ್ತೆ. ಇನ್ನೊಂದು ದಿನ ಅವಳು ಊಟ ತಂದಿಲ್ಲ ಅಂದ್ರೆ ನನ್ನ ಡಬ್ಬಿ ಕೊಡ್ತೀನಿ. ಅವತ್ತು ಯಾಕೆ ಹೋದೆ ಅಂತ ನನ್ನ ಯಜಮಾನರೂ ಕೇಳಿದ್ರು. ಹೋಗಬೇಕು ಅನ್ನಿಸ್ತು, ಹೋದೆ."

ಮರುದಿನ ಹುಡುಗಿ ಬಂದಳು. ಮೂಲೆಯಲ್ಲಿ ಕೂತು ಏನೋ ಬರೆಯತೊಡಗಿದಳು. ಅಕ್ಕನ ಮಗಳು ರಜೆಗೆ ಬಂದಾಗ, ಅವಳನ್ನು ಲ್ಯಾಬಿಗೆ ಕರೆತರುತ್ತೀರಾ ಎಂದು ತಲೆ ತಗ್ಗಿಸಿ ಕೇಳಿದಳು. ಅವಳು ಬರೆದದ್ದು ಒಂದು ಆ್ಯಪ್. ಒಂದು ಪದ ಒತ್ತಿದರೆ ಆ ಪದದ ಸನ್ನೆಯ ವಿಡಿಯೋ ಬರುತ್ತದೆ, ಬೇಕಾದಷ್ಟು ನಿಧಾನವಾಗಿ ಓಡುತ್ತದೆ. ಅದರ ಪ್ರತಿ ಒಂದೇ ಫೋನಿನಲ್ಲಲ್ಲ, ಬೇರೆ ಬೇರೆ ಕಡೆ ಉಳಿಯುತ್ತದೆ. ನಿಧಾನವಾಗಿ ಓಡಿಸುವ ಭಾಗವನ್ನು ಅವಳು ಬರೆದದ್ದಲ್ಲ. ಯಾವುದೋ ದೇಶದ ಯಾರೋ ಬರೆದು, ಬೇಕಾದವರು ತೆಗೆದುಕೊಳ್ಳಿ ಎಂದು ಇಟ್ಟದ್ದನ್ನು ತಂದು ತಿದ್ದಿಕೊಂಡದ್ದು. ಮುಕ್ತ ಎಂದರೆ ಇದೇ ಅಕ್ಕ ಎಂದು ಅವಳು ವಿವರಿಸಿದಳಂತೆ. ಪುಕ್ಕಟೆ ಕೊಟ್ಟರೆ ಅವರಿಗೇನು ಸಿಗುತ್ತದೆ ಎಂದು ಅಕ್ಕ ಕೇಳಿದರು.

ಮೊದಲ ದಿನದ ಆ್ಯಪ್ ನೋಡಿ ಎಲ್ಲರೂ ಕಕ್ಕಾಬಿಕ್ಕಿಯಾದರು. ವಿಡಿಯೋ ತಲೆಕೆಳಗಾಗಿ ಬಂತು. ನೀರು ಎಂದು ಒತ್ತಿದರೆ ನೀನು ಬಂತು. ಹಿಂದಕ್ಕೆ ಹೋಗುವುದು ಹೇಗೆಂದು ತಿಳಿಯದೆ ಅಕ್ಕ ಫೋನನ್ನೇ ಆರಿಸಿಬಿಟ್ಟರು. ಹುಡುಗಿ ಪಕ್ಕದಲ್ಲಿ ಕೂತು, ಆಕೆಯ ಬೆರಳು ಎಲ್ಲೆಲ್ಲಿ ದಾರಿ ತಪ್ಪುತ್ತದೆ ಎಂದು ನೋಡಿ ನೋಡಿ ಬದಲಾಯಿಸಿದಳು. ಹೀಗೆ ದಿನಗಟ್ಟಲೆ ನಡೆಯಿತು. ತರಗತಿಯವರೆಲ್ಲ ಸರದಿಯಲ್ಲಿ ನಿಂತು ಮಗಳ ಸನ್ನೆಗಳ ವಿಡಿಯೋ ಮಾಡಿಕೊಂಡರು. ಅವರೂ ಹಾಗೇ ಮಾಡಲು ಹೋದಾಗ ಅವಳು ಅವರ ತಪ್ಪು ಕೈಗಳನ್ನು ಹಿಡಿದು ತಿದ್ದಿದಳು, ಥೇಟು ಟೀಚರ್ ಥರ.

ಹಳೆಯ, ತಪ್ಪು ಸನ್ನೆಗಳೂ ಬೇಕು ಎಂದು ಅಕ್ಕ ಹಟ ಹಿಡಿದರು. ಮಗಳು ಒಪ್ಪಲಿಲ್ಲ. ಆಮೇಲೆ ಬೇರೆ ಯಾರೂ ನೋಡಬಾರದು ಎಂಬ ಷರತ್ತು ಹಾಕಿ ಒಪ್ಪಿದಳು. ಗಡಿಬಿಡಿ ಅದಕ್ಕೊಂದು ಪ್ರತ್ಯೇಕ ಖಾನೆ ಮಾಡಿ ಮನೆಮಾತು ಎಂದು ಹೆಸರಿಟ್ಟಳು. ಅಪ್ಪ ಬಂದ, ಅಜ್ಜಿ ಬಂದಳು, ಪ್ಲಗ್ಗಿನ ಅಮ್ಮನೂ ಬಂದಳು. ಆದರೆ ಎಲ್ಲವೂ ಬರಲಿಲ್ಲ.

"ಮಳೆಗೆ ಏನು ಮಾಡ್ತಿದ್ವಿ ಅಂತ ಅವಳಿಗೂ ನೆನಪಿಲ್ಲ, ನನಗೂ ನೆನಪಿಲ್ಲ. ಮಳೆ ಬಂದಾಗೆಲ್ಲ ಕಿಟಕಿ ಹತ್ರ ನಿಂತು ಅದನ್ನೇ ಮಾಡ್ತಿದ್ವಿ. ಏನಂತ ಗೊತ್ತಿಲ್ಲ. ಅದು ಹೋಯ್ತು."

ಅಂದಿನಿಂದ ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳು ಬಂದ ದಿನ, ಮೇಷ್ಟ್ರು ಹಿಂದಿನ ಬೆಂಚಿನಲ್ಲಿ ಕೂರುತ್ತಾರೆ, ಅಕ್ಕ ಮುಂದೆ ನಿಲ್ಲುತ್ತಾರೆ. ಈ ಸಲದ ಪಾಠಕ್ಕೆ ನಾನೂ ಇದ್ದೆ. ಆಕೆ ಕೈಗೆ ಸಿಕ್ಕ ಫೋನೊಂದನ್ನು ಎತ್ತಿ ಹಿಡಿದು, ಇದು ಯಾರದು ಎಂದು ಕೇಳಿದರು. ಕಾಲೇಜಿನದು ಎಂದರು ಕೆಲವರು. ಲ್ಯಾಬಿನದು ಎಂದರು ಕೆಲವರು. ಒಬ್ಬ ನಿಮ್ಮದು ಎಂದ.

"ಗೊತ್ತಿಲ್ಲ ಅಂತ ಯಾರೂ ಹೇಳಲಿಲ್ಲ," ಎಂದರು ಅಕ್ಕ. "ಗೊತ್ತಿಲ್ಲದೆ ಇದ್ರೆ ಕೈ ನಿಲ್ಲಿಸಿ. ಕೇಳಿ. ಆಮೇಲೆ ಒತ್ತಿ. ನನಗೆ ನಿಮ್ಮ ಪಾಠ ಬರಲ್ಲ, ನನಗೆ ಬರೋದು ಇಷ್ಟೇ."

ಪಾಠ ಮುಗಿಯಿತು. ಆಕೆ ಪಕ್ಕಕ್ಕೆ ಸರಿದು ಫೋನು ಹಂಚಲು ಶುರುಮಾಡಿದರು. ನನ್ನ ಬರಹಕ್ಕೆ ಇನ್ನೇನು ಕೇಳಬೇಕೆಂದು ತೋಚದೆ, ನಿಮಗೇನಾದರೂ ಆಸೆ ಇದೆಯೇ ಎಂದೆ. ಕಳೆದ ರಜೆಯಲ್ಲಿ ಮಗಳ ಶಾಲೆಯ ಗೆಳತಿಯರು ಮನೆಗೆ ಬಂದಿದ್ದರಂತೆ. ಗೋಡೆಗೆ ಒರಗಿ ಸಾಲಾಗಿ ಕೂತು, ಕಣ್ಣಿಗೆ ಕಾಣದಷ್ಟು ವೇಗವಾಗಿ ಕೈಯಾಡಿಸಿ ಮಾತಾಡಿ, ಬಿದ್ದು ಬಿದ್ದು ನಕ್ಕರಂತೆ. ಟೀ ಹಿಡಿದು ನಿಂತ ಅಕ್ಕ ಅವರನ್ನು ನೋಡಿ ತಾನೂ ನಕ್ಕರು. ಮಗಳು ತಿರುಗಿ, ನಿನಗೆ ಅರ್ಥವಾಯಿತೇ ಎಂದು ಕೇಳಿದಾಗ ಹೌದೆಂದು ಸುಳ್ಳು ತಲೆಯಾಡಿಸಿದರು.

"ಅವರ ಜೋಕು ಒಂದಾದ್ರೂ ನನಗೆ ಅರ್ಥ ಆಗಬೇಕು ಸರ್," ಎಂದರು. "ಅವರೆಲ್ಲ ನಕ್ಕ ಮೇಲೆ ಅಲ್ಲ. ಅವರ ಜೊತೆಗೇ ನಗಬೇಕು."