ಮುಂದೆ ಹೋಗದ ತಾರೀಕು

1974ರ ಜೂನ್ ತಿಂಗಳಲ್ಲಿ, ಮಾನ್ವಿಯ ಒಂದು ಬಳೆ ಅಂಗಡಿಯ ಮುಂದೆ ನಿಂತು ನಾನು ಸುಳ್ಳು ಹೇಳಿದೆ. ರಾಯಚೂರಿನ ಶಿಕ್ಷಕರ ತರಬೇತಿ ಕಾಲೇಜಿಗೆ ಅರ್ಜಿ ಕೊಡುವ ಕೊನೆಯ ತಾರೀಕು ಒಂದು ವಾರ ಮುಂದೆ ಹೋಗಿದೆ ಎಂದೆ. ಹೋಗಿರಲಿಲ್ಲ. ಹೋಗಿಲ್ಲವೆಂದು ನನಗೆ ಗೊತ್ತಿತ್ತು.

ಹೇಳಿದ್ದು ಜರೀನಾಳಿಗೆ. ಎಸ್ಸೆಸ್ಸೆಲ್ಸಿಯಲ್ಲಿ ನಮ್ಮ ತರಗತಿಗೆ ಅವಳೇ ಮೊದಲು. ತಾಲ್ಲೂಕಿಗೆ ಇದ್ದ ಸೀಟುಗಳು ಕೆಲವೇ; ಅಂಕ ನೋಡಿ ಕೊಡುತ್ತಿದ್ದರು. ನನ್ನ ಮುಂದಿದ್ದವರಲ್ಲಿ ಒಬ್ಬರು ತಪ್ಪಿದರೆ ಜಾಗ ನನಗೆ — ಇಷ್ಟೇ ನನ್ನ ಯೋಚನೆ. ಇದಕ್ಕಿಂತ ದೊಡ್ಡ ಕಾರಣವನ್ನು ಆಮೇಲೆ ಹುಡುಕಿದ್ದೇನೆ, ಸಿಕ್ಕಿಲ್ಲ. ನನ್ನ ಸೋದರಮಾವ ರಾಯಚೂರಿನ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದರು. ಅವರೇ ಹೇಳಿ ಕಳಿಸಿದರೆಂದು ಸೇರಿಸಿದೆ. ಅವಳು ನಂಬಿದಳು.

ಆ ಅರ್ಜಿಗೆ ಜರೀನಾ ಸಿದ್ಧಳಾದ ರೀತಿ ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ. ಆ ಬಳೆ ಅಂಗಡಿ ಅವಳ ತಂದೆಯದೇ; ಅದರ ಜೊತೆಗೆ ಅವರು ಸುತ್ತಲಿನ ಸಂತೆಗಳಲ್ಲೂ ಬಳೆ ಮಾರುತ್ತಿದ್ದರು. ಅವರ ಆ ತಿರುಗಾಟದೊಳಗೇ ತನ್ನ ಕೆಲಸಗಳನ್ನೆಲ್ಲ ಅವಳು ಹೊಂದಿಸಿಕೊಂಡಿದ್ದಳು. ಪ್ರೈಮರಿ ಓದಿದ್ದು ದೇವದುರ್ಗದಲ್ಲಿ, ಅಜ್ಜಿಯ ಮನೆಯಿಂದ. ಅಲ್ಲಿಯ ಹೆಡ್‌ಮಾಸ್ತರು ರಜೆಗೆ ಊರಿಗೆ ಹೊರಡುವ ಮುಂಚೆಯೇ, ನಾವೆಲ್ಲ ಫಲಿತಾಂಶಕ್ಕೆ ಕಾಯುತ್ತ ಕೂತಿದ್ದಾಗ, ತಂದೆಯ ಜೊತೆ ದೇವದುರ್ಗದ ಸಂತೆಗೆ ಹೋಗಿ ಶಾಲೆಯ ದಾಖಲೆ ತಂದುಬಿಟ್ಟಿದ್ದಳು. ಗೆಜೆಟೆಡ್ ಅಧಿಕಾರಿಯಾಗಿ ನಕಲುಗಳಿಗೆ ಸಹಿ ಹಾಕಬೇಕಾದ ದನದ ಡಾಕ್ಟರು ಹಳ್ಳಿಗಳಿಗೆ ಹೊರಡುವ ಮುನ್ನ, ಚಹಾ ಕುಡಿಯುವ ಹೊತ್ತಿನಲ್ಲಿ ಮಾತ್ರ ಸಿಟ್ಟಾಗುವುದಿಲ್ಲವೆಂದು ಅವಳಿಗೆ ತಿಳಿದಿತ್ತು. ಮಾನ್ವಿಯ ಸಂತೆಯ ದಿನ, ಜನ ಕಿಕ್ಕಿರಿಯುವ ತಹಸೀಲ್ ಕಚೇರಿಯ ಕಡೆ ಅವಳು ಸುಳಿಯುತ್ತಿರಲಿಲ್ಲ. ನಾವು ಕೊನೆಯ ತಾರೀಕನ್ನೇ ನೋಡುತ್ತಿದ್ದೆವು. ಅವಳ ಪಾಲಿಗೆ ಆ ತಾರೀಕು ಇರಲೇ ಇಲ್ಲ. ಇಷ್ಟು ವರ್ಷ ಪತ್ರಿಕೆಯಲ್ಲಿ ದಿನವೂ ಗಡುವಿಗೆ ಓಡಿದ್ದೇನೆ. ಕಾಲ ಅಷ್ಟು ಸದ್ದಿಲ್ಲದೆ ಒಬ್ಬರ ಮಾತು ಕೇಳಿದ್ದನ್ನು ಮತ್ತೆಲ್ಲೂ ಕಂಡಿಲ್ಲ.

ನನ್ನ ಸುದ್ದಿ ಕೇಳಿ ಅವಳು ನಕ್ಕಳು.

"ಅವರು ಮುಂದ ಹಾಕಿದ್ರ ಹಾಕಲಿ ಬಿಡು. ಗುರುವಾರ ಅಬ್ಬಾ ಮಾಲು ತರಾಕ ರಾಯಚೂರಿಗೆ ಹೊಂಟಾರ, ನಾನೂ ಹೋಗಿ ಕೊಟ್ಟು ಬರ್ತೀನಿ. ನಿಂಗ ಕೊನೀ ದಿನಾ ಓಡೋದು ಚಟ ಆಗ್ಯಾದ, ನೀ ಓಡು."

ಆ ಗುರುವಾರ ನಿಜವಾದ ಕೊನೆಯ ತಾರೀಕಿಗಿಂತ ಮೊದಲೇ ಇತ್ತು; ಸುಳ್ಳು ಅವಳನ್ನು ಮುಟ್ಟಲೂ ಇಲ್ಲ. ಆದರೆ ಅವಳು ಅದನ್ನು ತನ್ನಲ್ಲೇ ಇಟ್ಟುಕೊಳ್ಳಲಿಲ್ಲ — ಒಳ್ಳೆಯ ಸುದ್ದಿಯೆಂದು, ಸಂತೆಗೆ ಬಂದವರ ಕೈಲಿ ಬಾಗಲವಾಡದ ಹುಲಿಗೆಮ್ಮನಿಗೆ ಹೇಳಿ ಕಳಿಸಿದಳು. ಹುಲಿಗೆಮ್ಮ ಮಾನ್ವಿಯ ಚಿಕ್ಕಮ್ಮನ ಮನೆಯಲ್ಲಿದ್ದು ನಮ್ಮ ಜೊತೆ ಓದಿದವಳು. ಕೂಲಿಯವರ ಮನೆ. ಅವಳಿಗೆ ತಹಸೀಲ್ ಕಚೇರಿಯಿಂದ ಜಾತಿ ಪ್ರಮಾಣಪತ್ರವೊಂದು ಬರಬೇಕಿತ್ತು. ಬಿತ್ತನೆಯ ದಿನಗಳು, ಇನ್ನೂ ಒಂದು ವಾರ ಇದೆ ಎಂದು ಕೇಳಿ ತಾಯಿಯ ಜೊತೆ ಹೊಲದ ಕೆಲಸಕ್ಕೆ ಹೋದಳು.

ಜರೀನಾ ಹೀಗೆ ಹೇಳಿ ಕಳಿಸಿದ್ದು ನನಗೆ ಗೊತ್ತಾಯಿತು. ಆಗ ಇನ್ನೂ ಸಮಯವಿತ್ತು. ಮಾನ್ವಿಯಲ್ಲಿ ಬಾಡಿಗೆ ಸೈಕಲ್ ಸಿಗುತ್ತಿತ್ತು. ನಾನು ಬಾಗಲವಾಡಕ್ಕೆ — ಹೋಗಲಿಲ್ಲ.

ಹುಲಿಗೆಮ್ಮ ಪ್ರಮಾಣಪತ್ರ ಹಿಡಿದು ರಾಯಚೂರಿಗೆ ಹೋದಾಗ ಅರ್ಜಿ ತೆಗೆದುಕೊಳ್ಳುವುದು ಮುಗಿದಿತ್ತು.

ಅವಳ ಅಣ್ಣ ಬಳೆ ಅಂಗಡಿಗೆ ಬಂದ. ನಾನು ಅಲ್ಲಿಯೇ ಇದ್ದೆ. ಅವನು ಕೂಗಾಡಲಿಲ್ಲ. ತಾರೀಕು ಮುಂದ ಹೋಗ್ಯಾದ ಅಂತ ನಿಂಗ ಹೇಳಿದವ್ರು ಯಾರವ್ವ, ಎಂದಷ್ಟೇ ಕೇಳಿದ. ಜರೀನಾ ನನ್ನ ಕಡೆ ತಿರುಗಲಿಲ್ಲ.

"ಆಕಿಗೆ ಹೇಳಿದಾಕಿ ನಾನು, ಅಣ್ಣಾ. ಖರೇನೋ ಸುಳ್ಳೋ ನೋಡಲಾರ್ದ ಹೇಳೀನಿ. ತಪ್ಪು ನಂದು."

"ಶಾಣ್ಯಾಕಿ ಅಂತ ನಿನ್ನ ಮಾತು ನಂಬಿದ್ವಿ. ಇನ್ನ ನಮ್ಮ ಮನಿ ಕಡೆ ಬರಬ್ಯಾಡ."

ನಾನು ಬಳೆಗಳನ್ನು ನೋಡುತ್ತ ನಿಂತಿದ್ದೆ. ಅವನು ಹೋದ ಮೇಲೆ ಅವಳು ಮೆಲ್ಲಗೆ, ನನಗೇ ಸಮಾಧಾನ ಹೇಳುವಂತೆ, "ನಿಮ್ಮ ಮಾವಗೂ ಯಾರೋ ತಪ್ಪು ಹೇಳಿರಬೇಕು" ಎಂದಳು. ಹೌದು ಎಂದೆ. ಇದು ಎರಡನೆಯ ಸುಳ್ಳು. ಮೊದಲನೆಯದಕ್ಕಿಂತ ಇದು —

ಜರೀನಾಳಿಗೆ ಸೀಟು ಸಿಕ್ಕಿತು. ನನಗೂ ಸಿಕ್ಕಿತು. ಹುಲಿಗೆಮ್ಮನ ಅಂಕಗಳು ನನಗಿಂತ ಹೆಚ್ಚಿದ್ದವು. ನಾನು ತರಬೇತಿಯನ್ನು ಮುಗಿಸಲೂ ಇಲ್ಲ; ನಡುವೆಯೇ ಬಿಟ್ಟು ಪತ್ರಿಕೆಗೆ ಸೇರಿದೆ.

ಮರುವರ್ಷ, ಅರ್ಜಿ ಕರೆಯುವುದಕ್ಕೆ ಎಷ್ಟೋ ಮೊದಲೇ, ಜರೀನಾ ಬಾಗಲವಾಡಕ್ಕೆ ಹೋದಳು. ಬರಬೇಡ ಎಂದ ಮನೆಗೆ. ಯಾವ ಕಾಗದ ಯಾವಾಗ, ಯಾರ ಹತ್ತಿರ, ಎಲ್ಲವನ್ನೂ ಯೋಚಿಸಿಕೊಂಡೇ ಹೋಗಿದ್ದಳು. ಅಷ್ಟರಲ್ಲಿ ಹುಲಿಗೆಮ್ಮನನ್ನು ಕಲ್ಮಲಕ್ಕೆ ಕೊಟ್ಟು ಮದುವೆ ಮಾಡಿದ್ದರು. ನಿನ್ನ ಸುದ್ದಿ ಸಾಕು ಎಂದು ಅಣ್ಣ ಬಾಗಿಲಿನಿಂದಲೇ ಕಳಿಸಿದ. ಇದನ್ನು ನನಗೆ ಹೇಳಿದವಳು ಜರೀನಾಳೇ. ಆಗಲೂ ನನ್ನ ಹೆಸರನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಪತ್ರಿಕೆಗೆ ಹೊಸದಾಗಿ ಬಂದ ಹುಡುಗರಿಗೆ ನಾನು ಎರಡು ಮಾತು ಕಲಿಸುತ್ತೇನೆ: ನಂಬಿ ಹೇಳಿದವರ ಹೆಸರನ್ನು ಬಿಟ್ಟುಕೊಡಬೇಡಿ, ತಪ್ಪಾದರೆ ನಿಮ್ಮದೇ ಎಂದು ಒಪ್ಪಿಕೊಳ್ಳಿ. ಇವನ್ನು ನಾನು ಯಾರಿಂದ ಕಲಿತೆನೆಂದು ಅವರಿಗೆ ಹೇಳಿಲ್ಲ.

1988ರ ಜನವರಿಯಲ್ಲಿ ಕಲ್ಮಲಕ್ಕೆ ಹೋದೆ. ಹುಲಿಗೆಮ್ಮ ಬೇರೆಯವರ ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದಳು. ಎಲ್ಲವನ್ನೂ ಹೇಳಿದೆ. ಕೈ ನಿಲ್ಲಿಸದೆ ಕೇಳಿದಳು. ನನ್ನನ್ನು ಬೈಯಲಿಲ್ಲ, ಯಾಕೆ ಮಾಡಿದೆ ಎಂದೂ ಕೇಳಲಿಲ್ಲ.

"ಇಷ್ಟು ವರ್ಷ ಆಕಿನ್ನ ಬೈಕೋತ ಬಂದೀನಿ. ಈಗ ಎಲ್ಲದಾಳ ಆಕಿ?"

ರಾಯಚೂರಿನಲ್ಲಿ ಟೀಚರಾಗಿದ್ದಾಳೆ ಎಂದೆ. ಮನೆ ಇರುವ ಓಣಿಯನ್ನು ಹೇಳಿದೆ. ಜರೀನಾಳಿಗೆ ನಾನು ಇನ್ನೂ ಏನೂ ಹೇಳಿರಲಿಲ್ಲ.

ಮರುದಿನ ಮತ್ತೆ ಕಲ್ಮಲಕ್ಕೆ ಹೋದಾಗ, ಬೆಳಿಗ್ಗೆಯೇ ಹುಲಿಗೆಮ್ಮ ಕೂಲಿಗೆ ಹೋಗದೆ ರಾಯಚೂರಿನ ಬಸ್ಸು ಹತ್ತಿದಳೆಂದು ಅವಳ ಗಂಡ ತಿಳಿಸಿದ.