ಅಳಿಸದೆ ಉಳಿದ ದನಿ

ಬೆಳಗಿನ ಐದೂಮುಕ್ಕಾಲು. ಸದ್ದು ತಡೆಯಲೆಂದು ಗೋಡೆಗೆಲ್ಲ ಹಳೆಯ ರಜಾಯಿ ಹೊಡೆದಿರುವ ಪುಟ್ಟ ಕೋಣೆಯಲ್ಲಿ ಎಲ್ಲರೂ 'ಟ್ರ್ಯಾಕ್ ಅಕ್ಕ' ಎಂದು ಕರೆಯುವ ಗಾಯಕಿ ಬಳೆ, ಕೈಗಡಿಯಾರ ಕಳಚಿಟ್ಟು ಮೈಕಿನ ಮುಂದೆ ನಿಂತಿದ್ದಾರೆ. ಎಂಟಕ್ಕೆ ಕೆಳಗಿನ ವೆಲ್ಡಿಂಗ್ ಅಂಗಡಿ ಶುರುವಾದರೆ ರೆಕಾರ್ಡಿಂಗಿಗೆ ಎಳ್ಳುನೀರು ಬಿಟ್ಟಂತೆಯೇ. ಅಷ್ಟರೊಳಗೆ ನಾಲ್ಕೇ ನಾಲ್ಕು ಸಾಲು ಹಾಡಿ ಮುಗಿಸಬೇಕು. ಇಲ್ಲದಿದ್ದರೆ ಬೇರೆ ಸ್ಟುಡಿಯೋದಲ್ಲಿ ಹೆಸರಾಂತ ಗಾಯಕಿಯೊಬ್ಬರು ಹಾಡುತ್ತಾರೆ. ಹಾಡು ಬಿಡುಗಡೆ ಮಾಡುವ ಕಂಪನಿಯವರು ಅವರನ್ನು ಗೊತ್ತುಮಾಡಿಯೂ ಆಗಿದೆ.

ಹಾಡು ಕುಣಿತಕ್ಕೆಂದೇ ಇರುವ 'ಹೌಸ್' ಶೈಲಿಯ ಸಿಂಗಲ್, ಅಂದರೆ ಒಂಟಿಯಾಗಿ ಬಿಡುಗಡೆಯಾಗುವ ಹಾಡು. ಕಂಪ್ಯೂಟರಿನಲ್ಲೇ ಕಟ್ಟಿದ ಸಂಗೀತ, ನಿಮಿಷಕ್ಕೆ ನೂರಿಪ್ಪತ್ತನಾಲ್ಕು ಬಡಿತ. ಕೂತವರ ಕಾಲೂ ಸುಮ್ಮನಿರುವುದಿಲ್ಲ. ಕಟ್ಟಿದವಳು ಅಕ್ಕನ ತಂಗಿಯ ಮಗಳು. 'ಅತಿಥಿ ಗಾಯಕಿ' ಎಂದು ದೊಡ್ಡಮ್ಮನ ಹೆಸರೇ ಬರಬೇಕೆಂದು ಹಟ ಹಿಡಿದು, ಕಂಪನಿಯವರಿಂದ ಈ ಒಂದು ಬೆಳಗನ್ನು ಗಿಟ್ಟಿಸಿಕೊಂಡಿದ್ದಾಳೆ.

ಹತ್ತೊಂಬತ್ತು ವರ್ಷದಿಂದ ಅಕ್ಕನ ಕಸುಬು ಟ್ರ್ಯಾಕ್ ಹಾಡುವುದು. ಅಂದರೆ ದೊಡ್ಡ ಗಾಯಕರು ಕೇಳಿ ಕಲಿಯಲೆಂದು ಹಾಡನ್ನು ಮೊದಲೇ ಹಾಡಿಡುವುದು. ಅವರು ಹಾಡಿದ ಮೇಲೆ ಇವರ ದನಿಯನ್ನು ಅಳಿಸುತ್ತಾರೆ. ವಾರಕ್ಕೆ ಆರೇಳು ಹಾಡು, ಒಟ್ಟು ಆರು ಸಾವಿರ ದಾಟಿದೆ. ಎರಡನೇ ಹೆರಿಗೆಗೆ ನಾಲ್ಕು ದಿನವಿದ್ದಾಗಲೂ ಕುರ್ಚಿಯಲ್ಲಿ ಕೂತು ಹಾಡಿದ ಗಟ್ಟಿಗಿತ್ತಿ ಇವರು. ಆ ಹಾಡುಗಳಲ್ಲಿ ಇವರ ದನಿ ಒಂದರಲ್ಲೂ ಉಳಿದಿಲ್ಲ.

"ಬೇಜಾರಾಗಲ್ವಾ ಅಂತಾರೆ. ಆಗ್ದೆ ಏನು, ನಾನೇನು ಕಲ್ಲಾ? ಆದ್ರೆ ಟ್ರ್ಯಾಕಲ್ಲಿ ನಮ್ಮ ವಯ್ಯಾರ ತೋರಿಸ್ಬಾರ್ದು. ಸ್ವರ ಸರಿ ಇರ್ಬೇಕು, ಮಾತು ಸ್ಪಷ್ಟ ಇರ್ಬೇಕು, ಅಷ್ಟೆ," ಎನ್ನುತ್ತಾರೆ ಅಕ್ಕ.

ಇಂದು ಆ ಅಭ್ಯಾಸವೇ ಕಾಲಿಗೆ ತೊಡರಿಕೊಂಡಿದೆ. ಇಪ್ಪತ್ತಾರು ಸಲ ಹಾಡಿಯಾಯಿತು. ಒಂದೂ ಅಪಸ್ವರವಿಲ್ಲ, ಆದರೆ ಪಾಠ ಒಪ್ಪಿಸಿದ ಹಾಗಿದೆ.

"ದೊಡ್ಡಮ್ಮಾ, ಇನ್ಯಾರಿಗೋ ಕಲಿಸ್ಕೊಡೋ ಥರಾನೇ ಹಾಡ್ತಿದ್ದೀಯಲ್ಲ! ಇದು ನಿನ್ನ ಹಾಡು!" ಎಂದು ಹುಡುಗಿ ತಲೆ ಚಚ್ಚಿಕೊಳ್ಳುತ್ತಾಳೆ.

"ನಂಗೆ ಬರೋದೇ ಇಷ್ಟು ಕಣೇ. ಆಯಮ್ಮನ ಕೈಲೇ ಹಾಡಿಸ್ಬಿಡು," ಎನ್ನುವಾಗ ಅಕ್ಕನ ಕಣ್ಣು ತುಂಬಿಕೊಳ್ಳುತ್ತವೆ. ಆಸೆ ಇಲ್ಲವೆಂದರೆ ಶುದ್ಧ ಸುಳ್ಳು, ಬೆಟ್ಟದಷ್ಟಿದೆ.

ಏಳೂವರೆಗೆ, ಹೊರಗೆ ಬೆಂಚಿನ ಮೇಲೆ ಕೂತಿದ್ದ ಗಂಡ ಬಾಗಿಲಲ್ಲಿ ತಲೆ ಹಾಕುತ್ತಾರೆ. ಲಿಫ್ಟ್ ರಿಪೇರಿಯವರು, ಹಾಡೆಂದರೆ ಅವರಿಗೆ ಅಷ್ಟಕ್ಕಷ್ಟೆ.

"ಅಲ್ವೇ, ಒಂದೊಂದು ಹಾಡು ಹೊರಗೆ ಬಂದಾಗ್ಲೂ ಪಾತ್ರೆ ತೊಳೀತಾ 'ಹಂಗಲ್ಲ ರೀ, ಹಿಂಗೆ ಹಾಡ್ಬೇಕಿತ್ತು' ಅಂತ ನನ್ನ ತಲೆ ತಿಂತಿದ್ದೆ. ಆ 'ಹಿಂಗೆ' ಈಗೆಲ್ಲಿ ಹೋಯ್ತು?"

ಅಕ್ಕ ಫಕ್ಕನೆ ನಗುತ್ತಾರೆ. ಆಮೇಲೆ ಹುಡುಗಿಯತ್ತ ತಿರುಗಿ, "ಆ ಕೀಬೋರ್ಡು ನಿಲ್ಸು, ಬರೀ ತಾಳ ಕೊಡು," ಎನ್ನುತ್ತಾರೆ. ಧಾಟಿ ತಪ್ಪದಿರಲೆಂದು ಹೆಡ್‌ಫೋನಿನಲ್ಲಿ ಬಿಟ್ಟಿದ್ದ ಕೀಬೋರ್ಡಿನ ದನಿ ನಿಲ್ಲುತ್ತದೆ. ಮೂರನೇ ಸಾಲನ್ನು ಅವರು ಬೇಕೆಂದೇ ತಡವಾಗಿ ಎತ್ತುತ್ತಾರೆ, ಕೊನೆಯ ಪದವನ್ನು ಎಳೆದು ಗಂಟಲಲ್ಲೇ ಒರಟಾಗಿ ಬಿಡುತ್ತಾರೆ. ಹುಡುಗಿ ರೆಕಾರ್ಡಿಂಗ್ ನಿಲ್ಲಿಸುವುದಿಲ್ಲ.

ಎಂಟಕ್ಕೆ ಎಂಟು ನಿಮಿಷವಿರುವಾಗ ಮುಗಿಯುತ್ತದೆ. ಕೆಳಗೆ ಶಟರ್ ಎತ್ತುವ ಸದ್ದು. ಹುಡುಗಿ ಫೋನಿನಲ್ಲಿ ಕಂಪನಿಯವರಿಗೆ ಹೇಳುತ್ತಿದ್ದಾಳೆ: "ಆ ಗಾಯಕಿ ಹಾಡೋದು ಬೇಡ. ನಮ್ದು ಆಯ್ತು."

ಅಕ್ಕ ಒಂದು ಲೋಟ ಬಿಸಿನೀರು ಕುಡಿದು, ಗೋಡೆಗೊರಗಿ ಕೂರುತ್ತಾರೆ.

"ಎಲ್ರಿಗೂ ನಾನು ಮೊದ್ಲೇ ಹಾಡಿ ಕೊಡ್ತಿದ್ದೆ. ಇವತ್ತು ನಂಗ್ಯಾರೂ ಹಾಡಿ ಕೊಟ್ಟಿರ್ಲಿಲ್ಲ ನೋಡಿ," ಎನ್ನುತ್ತಾರೆ. "ದಾರಿ ನಾನೇ ಹುಡ್ಕೊಂಡು ಹೋದೆ."