ದಣಪೆಯ ಹೊರಗಿನ ಹದಿನಾಲ್ಕು ಜೋಲಿ

"ಇದು ಶಾಲೆಯೋ, ಬಾಣಂತಿ ಕೋಣೆಯೋ? ಯಾರನ್ನು ಕೇಳಿ ಕಟ್ಟಿದ್ದು ಇದನ್ನೆಲ್ಲ? ಬಿಚ್ಚು! ಈಗಲೇ ಬಿಚ್ಚು!"

"ಸಣ್ಣಕೆ ಮಾತಾಡಿ ಹೆಗಡೇರೆ. ಈಗಷ್ಟೇ ಕಣ್ ಮುಚ್ಕಂಡವೆ."

"ನನಗೇ ಸಣ್ಣಕೆ ಮಾತಾಡು ಅಂತೀಯಾ? ನಾನು ಶಾಲಾ ಸಮಿತಿಯ ಅಧ್ಯಕ್ಷ, ಗೊತ್ತುಂಟೋ ಇಲ್ಲವೋ?"

"ನಂಗೆ ಗುತ್ತದೆ. ಆ ಮಕ್ಕಳಿಗೆ ಗುತ್ತಿಲ್ಲ."

ಇದು ನಡೆದದ್ದು ೧೯೬೬ರ ಫೆಬ್ರವರಿಯ ಒಂದು ಬುಧವಾರ ಬೆಳಿಗ್ಗೆ, ಕುಮಟಾ ತಾಲೂಕಿನ ಕಾಗಾಲದ ಆಚೆ, ಹೊಳೆಯ ದಂಡೆಯ ಮೇಲಿರುವ ಕಡವಿನಕೇರಿಯ ಶಾಲೆಯ ಜಗಲಿಯಲ್ಲಿ. ಕೂಗುತ್ತಿರುವವರು ಪಂಚಾಯತಿಯ ಶಾಲಾ ಸಮಿತಿಯ ಅಧ್ಯಕ್ಷ ಮಹಾಗಣಪತಿ ಹೆಗಡೆಯವರು. ಅವರ ಎದುರು ಜಗಲಿಯ ಅಡ್ಡತೊಲೆಗೆ ಸಾಲಾಗಿ ಹದಿನಾಲ್ಕು ಸೀರೆಯ ಜೋಲಿಗಳು ತೂಗುತ್ತಿವೆ. ಒಂದೊಂದರಲ್ಲೂ ಒಂದೊಂದು ಕೂಸು. ಜೋಲಿಗಳಿಗೆ ಬೆನ್ನು ಕೊಟ್ಟು, ಎರಡೂ ಕೈ ಅಗಲಿಸಿ ನಿಂತಿರುವ ಐವತ್ತರ ಹೆಂಗಸೇ ಜಟ್ಟಕ್ಕ. ಪಂಚಾಯತಿಯ ಯಾವ ಕಾಗದದಲ್ಲೂ ಅವಳ ಹೆಸರಿಲ್ಲ. ಇದ್ದಿದ್ದರೆ 'ಜಟ್ಟಿ ಕೋಂ ಬೊಮ್ಮಯ್ಯ' ಎಂದಿರುತ್ತಿತ್ತು.

ಜಗಳದ ಉಳಿದ ಭಾಗಕ್ಕೆ ಆಮೇಲೆ ಬರುತ್ತೇನೆ. ಮೊದಲು ಈ ಹೆಂಗಸು ಮಾಡುವ ಕೆಲಸ ಏನೆಂದು ತಿಳಿಯಬೇಕು. ಅದು ತಿಳಿಯಬೇಕಾದರೆ ಹೊಳೆಯ ನೀರಿನ ಲೆಕ್ಕ ಗೊತ್ತಿರಬೇಕು.

ಕಡವಿನಕೇರಿಯ ಹೆಂಗಸರು ಬಳಚು ಎಂಬ ಚಿಪ್ಪುಮೀನು ಹೆಕ್ಕಿ ಬದುಕುವವರು. ಸಮುದ್ರದ ನೀರು ಇಳಿದಾಗ ಹೊಳೆಯ ಕೆಸರಿನಲ್ಲಿ ಮೊಣಕಾಲುದ್ದ ನಿಂತು, ಕಾಲಿನಲ್ಲೇ ತಡವಿ, ಚಿಪ್ಪನ್ನು ಹೆಕ್ಕಿ ಹೆಡಗೆ ತುಂಬುತ್ತಾರೆ. ಒಳಗಿನ ಮಾಂಸ ಸಾರಿಗೆ, ಸಂತೆಗೆ. ಚಿಪ್ಪು ಸುಣ್ಣದ ಭಟ್ಟಿಗೆ. ನೀರು ಇಳಿಯುವ ಹೊತ್ತು ದಿನವೂ ಒಂದೇ ಅಲ್ಲ. ಇವತ್ತಿಗಿಂತ ನಾಳೆ ಎರಡು ಗಳಿಗೆ ತಡ, ನಾಡಿದ್ದು ಮತ್ತೆ ಎರಡು ಗಳಿಗೆ ತಡ. ಹೀಗೆ ಸರಿಯುತ್ತಾ ಹದಿನೈದು ದಿನಕ್ಕೆ ಮತ್ತೆ ಮೊದಲಿನಲ್ಲಿಗೆ ಬರುತ್ತದೆ. ಶಾಲೆಯ ಗಂಟೆ ಮಾತ್ರ ಎಲ್ಲ ದಿನವೂ ಒಂದೇ ಹೊತ್ತಿಗೆ ಹೊಡೆಯುತ್ತದೆ. ನೀರಿನ ಇಳಿತ ಶಾಲೆಯ ಹೊತ್ತಿಗೆ ಬಿದ್ದ ದಿನಗಳಲ್ಲಿ ತಾಯಂದಿರು ಕೆಸರಿಗೆ ಇಳಿಯುತ್ತಾರೆ. ಮನೆಯಲ್ಲಿರುವ ಕೂಸನ್ನು ಅದರ ಅಕ್ಕ ಸೊಂಟಕ್ಕೆ ಏರಿಸಿಕೊಳ್ಳುತ್ತಾಳೆ. ಅಕ್ಕ ಎಂದರೆ ಎಂಟು ವರ್ಷದವಳು, ಒಂಬತ್ತು ವರ್ಷದವಳು. ಅವಳು ಶಾಲೆಗೆ ಹೋಗುವುದಿಲ್ಲ.

ಶಾಲೆಯ ಮುಖ್ಯ ಅಧ್ಯಾಪಕರಾದ ಶಾಂತಾರಾಮ ಮಾಸ್ತರರಿಗೆ ಇದು ಎರಡು ವರ್ಷ ಹೊಳೆದಿರಲಿಲ್ಲ. ಅವರು ಘಟ್ಟದ ಮೇಲಿನವರು. ಹಾಜರಿ ಪುಸ್ತಕದಲ್ಲಿ ಹುಡುಗಿಯರು ಏಳೆಂಟು ದಿನ ಸಾಲಾಗಿ ಬರುವುದು, ಮತ್ತೆ ಏಳೆಂಟು ದಿನ ಸಾಲಾಗಿ ತಪ್ಪುವುದು. ಜ್ವರ ಎಂದುಕೊಂಡರು, ಸೋಮಾರಿತನ ಎಂದುಕೊಂಡರು, ಮನೆಮನೆಗೆ ಹೋಗಿ ಬೈದರು. ತಪಾಸಣೆಗೆ ಬಂದ ಡೆಪ್ಯುಟಿ ಸಾಹೇಬರು ಶಾಲೆಯ ಭೇಟಿ ಪುಸ್ತಕದಲ್ಲಿ 'ಹೆಣ್ಣುಮಕ್ಕಳ ಹಾಜರಿ ಸಂಶಯಾಸ್ಪದವಾಗಿದೆ' ಎಂದು ಬರೆದು ಹೋದರು. ಮಾಸ್ತರರು ಸುಳ್ಳು ಹಾಜರಿ ಹಾಕುತ್ತಾರೆಂಬ ಅರ್ಥ. ಆ ಹೊತ್ತಿಗೆ ಮೊಣಕಾಲು ಹಿಡಿದುಹೋಗಿ ಹೊಳೆಗೆ ಇಳಿಯುವುದನ್ನು ಬಿಟ್ಟಿದ್ದ ಜಟ್ಟಕ್ಕ ಮಾಸ್ತರರ ಪೇಚಾಟ ಕೇಳಿ ನಕ್ಕಳಂತೆ.

"ನಿಮ್ಮ ಗಡಿಯಾರ ಗ್ವಾಡೆ ಮೇಲೆ ಅದೆ ಮಾಸ್ತರ್ರೆ. ನಮ್ಮದು ಹೊಳೆಲಿ ಅದೆ. ಎಡ್ಡೂ ಕೂಡೂದು ಹ್ಯಾಂಗೆ? ಕೂಸುಗಳ್ನ ನಾ ನೋಡ್ಕಂತೆ. ಹುಡ್ಗ್ರ್ನ ನೀವು ಒಳ್ಗೆ ಕೂರ್ಸಿ."

ಇದು ಮೂರು ವರ್ಷದ ಹಿಂದಿನ ಮಾತು. ಆಗ ಶಾಲೆಯಲ್ಲಿ ಹುಡುಗಿಯರು ಒಂಬತ್ತು. ಈಗ ಇಪ್ಪತ್ತೇಳು.

ಇಳಿತದ ದಿನ ಜಟ್ಟಕ್ಕ ನಸುಕಿನಲ್ಲಿ ಏಳುತ್ತಾಳೆ. ದಂಡೆಗೆ ಹೋಗಿ ಕಲ್ಲಿನ ಮೇಲೆ ನೀರು ಎಲ್ಲಿದೆ ನೋಡುತ್ತಾಳೆ. ಕೇರಿಯಲ್ಲಿ ನಡೆಯುತ್ತಾ ಮನೆಮನೆಯ ಎದುರು "ಇವತ್ತು ಅದೆ" ಎನ್ನುತ್ತಾಳೆ. ಅಷ್ಟೇ ಮಾತು. ಬೆಳಕು ಹರಿಯುವಾಗ ಅಕ್ಕಂದಿರು ಸೊಂಟದಲ್ಲಿ ಕೂಸು, ಹೆಗಲಲ್ಲಿ ಪಾಟಿಚೀಲ ಏರಿಸಿಕೊಂಡು ಬರುತ್ತಾರೆ. ಒಬ್ಬೊಬ್ಬಳ ಕಂಕುಳಲ್ಲಿ ತಾಯಿಯ ಹಳೆಯ ಸೀರೆ. ಅದು ತೊಳೆದಿರಬಾರದು ಎಂಬುದು ಜಟ್ಟಕ್ಕನ ಕಟ್ಟಪ್ಪಣೆ.

"ತೊಳ್ದ್ರೆ ಅವ್ವಿ ವಾಸ್ನೆ ಹೋತದೆ. ಕೂಸು ಮಲಗೂದಿಲ್ಲ. ನೀವು ಬೇಕಾರೆ ಸಾಬೂನ ಹಾಕ್ಕಂಡ್ ಮಲಗಿ."

ಜೋಲಿ ನೆಲದಿಂದ ಒಂದೇ ಗೇಣು ಮೇಲಿರಬೇಕು. ಹೊಳೆಯ ಕಡೆಗೆ ಅಡ್ಡ ಹಲಗೆ. ಹಲಗೆಯ ಪಕ್ಕದಲ್ಲಿ ಅವಳು, ಯಾವಾಗಲೂ ಅಲ್ಲೇ, ಹೊಳೆಗೆ ಬೆನ್ನು ಹಾಕಿ. ಒಳಗೆ ಹುಡುಗಿಯರು ಮಗ್ಗಿ ಹೇಳುವಾಗ ಹೊರಗೆ ಅವಳೂ ಎಣಿಸುತ್ತಾಳೆ, ಒಂದರಿಂದ ಹದಿನಾಲ್ಕು. ಮುಗಿದರೆ ಮತ್ತೆ ಒಂದರಿಂದ. ಈ ಪತ್ರಿಕೆಗೆ ಬರೆಯಲೆಂದು ಹೋದ ನಾನು ಒಂದು ಬೆಳಗ್ಗೆ ಅವಳ ಪಕ್ಕ ಕೂತು ನೋಡಿದೆ. ಎರಡು ಗಂಟೆಯಲ್ಲಿ ಮೂವತ್ತಕ್ಕೂ ಹೆಚ್ಚು ಸಲ ಎಣಿಸಿದಳು. ನಾನು ಮಾತಾಡಿಸಿದರೆ ಉತ್ತರ ಕೊಡುವ ಮೊದಲು ಎಣಿಕೆ ಮುಗಿಸುತ್ತಾಳೆ. ಇದಕ್ಕೆಲ್ಲ ಒಂದೊಂದು ಮನೆಯಿಂದ ವಾರಕ್ಕೆ ಒಂದು ಸಿದ್ದೆಯ ಅಳತೆ ಅಕ್ಕಿ, ಅದೂ ಕೊಟ್ಟವರಿಂದ.

ಯಾಕೆ ಇಷ್ಟು ಎಣಿಸುತ್ತೀಯೆಂದು ಕೇಳಿದೆ. "ರೂಢಿ" ಎಂದಳು.

ಅದು ರೂಢಿಯಲ್ಲ. ಕಾರಣ ಹೇಳಿದವಳು ಅವಳ ಮಗಳು ಸೀತೆ. ಜಟ್ಟಕ್ಕ ಬಾಯಿಬಿಡದ ಸಂಗತಿಯನ್ನು ಪತ್ರಿಕೆಯಲ್ಲಿ ಹಾಕುವ ಹಕ್ಕು ನನಗಿಲ್ಲ. ಸೀತೆ ತಾನೇ ಹೇಳಿದಳು, ಬರೆಯಿರಿ ಎಂದಳು.

ಹದಿನೈದು ವರ್ಷದ ಹಿಂದೆ ಜಟ್ಟಕ್ಕನಿಗೆ ಹತ್ತು ತಿಂಗಳ ಗಂಡುಮಗುವಿತ್ತು. ಹೆಸರು ತಿಮ್ಮ. ಅದನ್ನು ನೋಡಿಕೊಳ್ಳಲು ಎರಡನೇ ಇಯತ್ತೆಯಲ್ಲಿದ್ದ ಸೀತೆಯನ್ನು ಶಾಲೆ ಬಿಡಿಸಿ ಮನೆಯಲ್ಲಿಟ್ಟು ತಾಯಿ ಬಳಚಿಗೆ ಹೋಗುತ್ತಿದ್ದಳು. ಒಂದು ಮಧ್ಯಾಹ್ನ ಸೀತೆಗೆ ನಿದ್ದೆ ಹತ್ತಿತು. ಮಗು ಅಂಬೆಗಾಲಿಟ್ಟು ದಂಡೆಗೆ ಹೋಯಿತು. ನೀರು ಏರುವ ಹೊತ್ತು. ತಾಯಿ ಹೆಡಗೆ ಹೊತ್ತುಕೊಂಡು ಬರುವಾಗ ಸೀತೆ ಇನ್ನೂ ಮಲಗಿಯೇ ಇದ್ದಳು.

"ನಾ ಮಲಗ್ಬಿಟ್ಟಿದ್ದೆ. ಒಂಬತ್ತ್ ವರ್ಷದ್ದು ಮಲಗ್ದೆ ಮತ್ತೆಂತ ಮಾಡ್ತದೆ ಹೇಳಿ?" ಸೀತೆ ಇದನ್ನು ಹೇಳುವಾಗ ಅವಳ ಕೈ ಚಿಪ್ಪು ಬಿಡಿಸುತ್ತಲೇ ಇತ್ತು. "ಅವ್ವಿ ನಂಗೆ ಒಂದ್ ದಿನಾನೂ ಒಂದ್ ಮಾತ್ ಅಂದವ್ಳಲ್ಲ. ಬೈದಿದ್ರೆ ಅಡ್ಡಿಲ್ಲಾಗಿತ್ತು."

ಸೀತೆ ಮತ್ತೆ ಶಾಲೆಗೆ ಹೋಗಲಿಲ್ಲ. ಈಗ ಅವಳ ಮಗಳು ಬಂಗಾರಿ ಅದೇ ಎರಡನೇ ಇಯತ್ತೆಯಲ್ಲಿದ್ದಾಳೆ. ಬಂಗಾರಿಯ ತಮ್ಮ ಆರನೇ ಜೋಲಿಯಲ್ಲಿ.

ಈಗ ಜಗಳಕ್ಕೆ ಬರೋಣ. ಹೆಗಡೆಯವರನ್ನು ದುಷ್ಟರೆಂದು ಬರೆದರೆ ನನಗೆ ಸುಲಭ. ಅವರು ದುಷ್ಟರಲ್ಲ. ಶಾಲೆಗೆ ಬಾವಿ ತೋಡಿಸಿದವರು ಅವರು. ಎರಡನೇ ಮಾಸ್ತರರು ಬಂದದ್ದು ಅವರ ಓಡಾಟದಿಂದ. ಏಳನೇ ಇಯತ್ತೆ ಮಂಜೂರಾಗಲೆಂದು ಹನ್ನೊಂದು ಅರ್ಜಿ ಬರೆದಿದ್ದಾರೆ. ಅದನ್ನು ತೀರ್ಮಾನಿಸಲು ಡೆಪ್ಯುಟಿ ಸಾಹೇಬರು ಮುಂದಿನ ವಾರ ಬರುವವರಿದ್ದರು. ಅದಕ್ಕೇ ಹೆಗಡೆಯವರು ಆ ಬುಧವಾರ ಮುಂಚಿತವಾಗಿ ನೋಡಿಹೋಗಲು ಬಂದದ್ದು. ಮೂರು ವರ್ಷದಲ್ಲಿ ಇಳಿತದ ದಿನ ಶಾಲೆಗೆ ಬಂದದ್ದು ಅದೇ ಮೊದಲು. ಬೈಯುವುದಾದರೆ ಅದಕ್ಕೆ ಬೈಯಬೇಕು. ಮೂರು ವರ್ಷ ಶಾಲೆಯ ಮೇಲ್ವಿಚಾರಣೆ ಮಾಡಿದ ಸಮಿತಿಗೆ ಜಗಲಿಯಲ್ಲಿ ಏನು ತೂಗುತ್ತಿದೆ ಎಂಬುದು ಗೊತ್ತಿರಲಿಲ್ಲ.

"ಆರು ವರ್ಷದ ಒಳಗಿನವರು ಶಾಲೆಯಲ್ಲಿ ಇರುವ ಹಾಗಿಲ್ಲ," ಎಂದರು ಹೆಗಡೆಯವರು. "ಸರಿ, ನಿಯಮ ಹಾಳಾಗಿ ಹೋಗಲಿ. ನಾಳೆ ಒಂದು ಕೂಸು ಬಿದ್ದು ಸತ್ತರೆ ಯಾರು ಜವಾಬು? ಹೇಳು. ಮಕ್ಕಳನ್ನು ನೋಡಿಕೊಳ್ಳುವುದು ಅಂದರೆ ಎಂತ ಅಂತ ಗೊತ್ತುಂಟಾ ನಿನಗೆ?"

ಅಷ್ಟು ಹೊತ್ತು ಮಾತಿಗೆ ಮಾತು ಕೊಟ್ಟ ಜಟ್ಟಕ್ಕ ಜೋಲಿಗಳ ಕಡೆ ನೋಡಿದಳು. ಶಾಂತಾರಾಮ ಮಾಸ್ತರರಿಗೆ ಹಳೆಯ ಕತೆ ಗೊತ್ತು. "ಹೇಳು ಜಟ್ಟಕ್ಕ, ನೀನು ಯಾಕೆ ಕೂತದ್ದು ಇಲ್ಲಿ ಅಂತ ಹೇಳು," ಎಂದು ಮೆಲ್ಲಗೆ ಅಂದರು. ಹೇಳಿದ್ದರೆ ಹೆಗಡೆಯವರು ಅಲ್ಲೇ ಮೆತ್ತಗಾಗುತ್ತಿದ್ದರು, ಅವರೂ ಮಕ್ಕಳೊಂದಿಗರು. ಆದರೆ ಜ್ವರವೆಂದು ಆ ದಿನ ಹೊಳೆಗೆ ಹೋಗದಿದ್ದ ಸೀತೆ, ಗಲಾಟೆ ಕೇಳಿ ಓಡಿಬಂದು ಶಾಲೆಯಂಗಳದ ದಣಪೆಯ ಹತ್ತಿರ ನಿಂತಿದ್ದಳು. ಬೇಲಿಯ ನಡುವೆ ಬಾಗಿಲಿನಂತೆ ಅಡ್ಡ ಹಾಕಿದ ಆ ಬಿದಿರುಗಳ ಮೇಲೆ ಕೈಯಿಟ್ಟು ತಾಯಿಯನ್ನೇ ನೋಡುತ್ತಿದ್ದಳು. ಜಟ್ಟಕ್ಕ ಅವಳನ್ನು ನೋಡಿದಳು, ಹೇಳಲಿಲ್ಲ.

ಹೆಗಡೆಯವರು ಆ ಮೌನವನ್ನು ಸೋಲೆಂದು ತಿಳಿದರು. ಸೋತವರ ಮುಂದೆ ಅವರಿಗೆ ಕರುಣೆ ಬರುತ್ತದೆ.

"ಆಯ್ತು ಮಾರಾಯ್ತಿ, ನಾನೇನು ರಾಕ್ಷಸನಲ್ಲ. ಕಟ್ಟಿಕೋ. ಸಾಹೇಬರು ಬರುವ ದಿನ ಮಾತ್ರ ಬಿಚ್ಚಿ, ಕೂಸುಗಳನ್ನು ಮನೆಗೆ ಕಳಿಸು."

"ಯಾರ್ ಸಂಗ್ತಿಗೆ ಕಳ್ಸೂದು?"

"ಅವರವರ ಅಕ್ಕಂದಿರ ಜೊತೆ."

"ಹಾಂಗಾರೆ ಸಾಯ್ಬ್ರು ಬಂದ್ ದಿವ್ಸ ಹುಡ್ಗ್ರು ಶಾಲೆಲಿ ಇರೂದಿಲ್ಲ. ಅವ್ರು ಮತ್ತೆ ಪುಸ್ತಕದಲ್ಲಿ ಅದ್ನೇ ಬರೀತ್ರು."

"ಒಂದು ದಿನಕ್ಕೆ ಏನಾಗ್ತದೆ?"

"ಇವು ಕದ್ದ ಮಾಲಲ್ಲ ಹೆಗಡೇರೆ, ಅಡಗ್ಸಿಡೂಕೆ. ನೀವೇ ಆ ಪುಸ್ತಕದಲ್ಲಿ ಬರೀರಿ. ಇಲ್ಲಿ ಹದ್ನಾಲ್ಕ್ ಜೋಲಿ ಅದೆ, ಸಮಿತಿಗೆ ಗುತ್ತದೆ, ಅಂತ ಒಂದ್ ಸಾಲು."

"ನಿನಗೆ ಓದಲು ಬರ್ತದೋ?"

"ನಂಗೆ ಬರೂದಿಲ್ಲ. ಸಾಯ್ಬ್ರಿಗೆ ಬತ್ತದಲ?"

ಮೂರನೇ ಇಯತ್ತೆಯ ಹುಡುಗಿಯರು ಕಿಸಕ್ಕನೆ ನಕ್ಕರು. ಹೆಗಡೆಯವರ ಮುಖ ಕೆಂಪಾಯಿತು. "ಬಾಯಿಮಾತಲ್ಲಿ ಒಪ್ಪಿದ್ದೇನೆ. ಬರೆದುಕೊಡುವುದಿಲ್ಲ," ಎಂದರು.

"ಹಾಂಗಾರೆ ಆತು," ಎಂದಳು ಜಟ್ಟಕ್ಕ.

ಒಂದೊಂದೇ ಜೋಲಿ ಬಿಚ್ಚಿದಳು. ಹೆಸರು ಹಿಡಿದು ಅಕ್ಕಂದಿರನ್ನು ಕರೆದು ಕೂಸುಗಳನ್ನು ಕೈಗೆ ಕೊಟ್ಟಳು. ಹದಿನಾಲ್ಕು ಸೀರೆ ಮಡಚಿ ತಲೆಯ ಮೇಲಿಟ್ಟುಕೊಂಡು, ದಣಪೆಯ ಬಿದಿರು ಸರಿಸಿ ಹೊರಗೆ ಹೋದಳು. "ನಾಳೆ ತಾನಾಗಿ ಬರ್ತಾಳೆ, ನೋಡ್ತಾ ಇರಿ ಮಾಸ್ತರೆ," ಎಂದರಂತೆ ಹೆಗಡೆಯವರು.

ಮಾರನೆಯ ದಿನ ಬೆಳಿಗ್ಗೆ ಜೋಲಿಗಳು ದಣಪೆಯಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿರುವ ಶನಿಯಾರನ ದೋಣಿಯ ಚಪ್ಪರದಲ್ಲಿ ತೂಗುತ್ತಿದ್ದವು. ಚಪ್ಪರ ಕೊಟ್ಟ ಶನಿಯಾರ ಮೀನು ಹಿಡಿಯುವವನು, ಬಾಯಿ ಜೋರು. "ದೋಣಿ ಸಮುದ್ರಕ್ಕೆ ಹೋಗ್ಯದೆ. ಚಪ್ರ ಖಾಲಿ. ನನ್ ದೋಣಿ ಅಳೂದಿಲ್ಲ, ನಿನ್ ಮಕ್ಕಳು ಅತ್ರೆ ಅಡ್ಡಿಲ್ಲ," ಎಂದನಂತೆ. ಡೆಪ್ಯುಟಿ ಸಾಹೇಬರು ಬಂದರು, ಇಪ್ಪತ್ತೇಳು ಹುಡುಗಿಯರನ್ನು ಎಣಿಸಿದರು, 'ಹೆಣ್ಣುಮಕ್ಕಳ ಹಾಜರಿ ಶ್ಲಾಘನೀಯ' ಎಂದು ಬರೆದರು. ಏಳನೇ ಇಯತ್ತೆ ಮಂಜೂರಾಯಿತು. ಸಮಿತಿಗೆ ಅಭಿನಂದನೆಯ ಠರಾವು ಆಯಿತು. ಆ ಠರಾವನ್ನು ನಾನು ಓದಿದ್ದೇನೆ. ಜಟ್ಟಕ್ಕನ ಹೆಸರು ಅದರಲ್ಲಿಲ್ಲ.

ಆದರೆ ಮಳೆಗಾಲ ಬಂದರೆ ದೋಣಿ ಸಮುದ್ರದಿಂದ ಚಪ್ಪರಕ್ಕೆ ಬರುತ್ತದೆ. ಜೋಲಿಗಳಿಗೆ ಜಾಗವಿಲ್ಲ. ಜೂನ್ ತಿಂಗಳಿಗೆ ಇನ್ನು ಆರೇ ವಾರ. ಆಗ ಹದಿನಾಲ್ಕು ಹುಡುಗಿಯರು ಮತ್ತೆ ಮನೆಯಲ್ಲಿ ಕೂರುತ್ತಾರೆ, ಬಂಗಾರಿಯೂ ಅವರಲ್ಲೊಬ್ಬಳು.

"ಜಗಲಿಗೆ ವಾಪಸ್ ಹೋಗಬಹುದಲ್ಲ?" ಎಂದು ಕೇಳಿದೆ.

ಎಣಿಕೆ ಮುಗಿಸಿ ಉತ್ತರ ಕೊಟ್ಟಳು. "ಇವತ್ತು ಈ ಹೆಗಡೇರು ಹೂಂ ಅಂತ್ರು. ನಾಳೆ ಮತ್ತೊಬ್ರು ಬತ್ರು, ಉಹೂಂ ಅಂತ್ರು. ಬರ್ದಿದ್ರೆ ಹಾಂಗ್ ಅನ್ನೂಕೆ ಬರೂದಿಲ್ಲ. ಒಂದ್ ಸಾಲು ಸಾಕು. ಅದ್ನ ಬಂಗಾರಿ ನಂಗೆ ಓದಿ ಹೇಳ್ಬೇಕು. ಮತ್ತೆಂತದೂ ಬ್ಯಾಡ ನಂಗೆ."

ನಾನು ಅಲ್ಲಿಂದ ಏಳುವ ಹೊತ್ತಿಗೆ ಹೆಗಡೆಯವರೇ ಬಂದರು. ಕೊಡೆ ಹಿಡಿದು ದಣಪೆಯ ಒಳಗಡೆ ನಿಂತರು. ಬಿಸಿಲಿಗೆ ಬೆವರಿದ್ದರು. ದನಿ ಈ ಸಲ ಸಣ್ಣಕಿತ್ತು.

"ಜಟ್ಟಕ್ಕ, ಮಳೆ ಬರ್ತದೆ. ಹಟ ಸಾಕು. ಜಗಲಿಗೆ ಬಾ. ಸಾಹೇಬರು ಬಂದಾಗಲೂ ಬಿಚ್ಚುವುದು ಬೇಡ. ನಾನಿದ್ದೇನೆ, ನೋಡಿಕೊಳ್ತೇನೆ."

ಜಟ್ಟಕ್ಕ ಎದ್ದು ದಣಪೆಯ ಹತ್ತಿರ ಹೋದಳು. ಅವರ ಕೈ ನೋಡಿದಳು. ಒಂದರಲ್ಲಿ ಕೊಡೆ. ಇನ್ನೊಂದು ಖಾಲಿ.

"ಪುಸ್ತಕ ತಂದೀರಾ?"

"ಪುಸ್ತಕ ಯಾಕೆ ಈಗ? ಮಾತು ಕೊಡ್ತಾ ಇದ್ದೇನಲ್ಲ."

ಅವಳು ತಿರುಗಿ ನಡೆದಳು. ಇಪ್ಪತ್ತು ಹೆಜ್ಜೆ ದಾಟಿ ಚಪ್ಪರದ ಒಳಗೆ ಹೋದಳು. ಒಂದು, ಎರಡು, ಮೂರು ಎಂದು ಎಣಿಸುವ ದನಿ ಕೇಳಿಸುತ್ತಿತ್ತು. ಹೆಗಡೆಯವರು ದಣಪೆಯ ಬಿದಿರು ಹಿಡಿದು ಬಹಳ ಹೊತ್ತು ಅಲ್ಲೇ ನಿಂತಿದ್ದರು. ಅವಳು ಹೊರಗೆ ಬರಲಿಲ್ಲ.